ಗಾಳಿಮರದ ಮರೆಯಲ್ಲಿ ಹೊನ್ನೆ ಸಸಿ: ನನ್ನ ಅನುಭವ

ಗಾಳಿಮರದ (ಸರ್ವೆ ಮರದ) ಬುಡದಲ್ಲಿ ಹುಲ್ಲೂ ಹುಟ್ಟುವುದಿಲ್ಲವೆಂದು ಹೊನ್ನಾವರದ ಕರಾವಳಿಯಲ್ಲಿ ನನಗೆ ಹೇಳದವರಿಲ್ಲ. 1868ರ ಸುಮಾರಿಗೆ ಉಗಿಬಂಡಿಗಳ ಸೌದೆಗೆಂದು ಕಾರವಾರದ ಕಡೆಗೆ ತಂದು ಬೆಳೆಸಿದ ಈ ಮರದ ಮರೆಯಲ್ಲೇ ನನ್ನ ಹೊನ್ನೆ (ಸುರಹೊನ್ನೆ) ಸಸಿಗಳು ಈಗ ಆಳೆತ್ತರಕ್ಕೆ ಬಂದಿವೆ.

ಬಯಲು ಹೊಯಿಗೆ (ಮರಳು) ದಿಬ್ಬದ ಮೇಲೆ ಮಳೆ ಹಿಡಿದೊಡನೆ ನೆಟ್ಟ ಸಸಿಗಳಲ್ಲಿ ಹತ್ತಕ್ಕೆ ಒಂದೆರಡು ಮಾತ್ರ ಮುಂದಿನ ಮಳೆಗಾಲವನ್ನು ಕಂಡವು. ಆಷಾಢದ ಉಪ್ಪುಗಾಳಿಗೆ ಚಿಗುರು ಕರಕಲಾಯಿತು, ಬುಡದ ಹೊಯಿಗೆ ಹಾರಿ ಬೇರು ಹೊರಬಿದ್ದಿತು, ಮಿಕ್ಕವು ಏಪ್ರಿಲ್ ಬಿಸಿಲಿಗೆ ಒಣಗಿದವು. ಸಸಿ, ಬೇಲಿ, ನೀರು ಹೊತ್ತ ಕೂಲಿ ಎಲ್ಲ ಸೇರಿ ನಲವತ್ತು ಸಾವಿರ ರೂಪಾಯಿಯಷ್ಟು ಹೋಯಿತು. ತೆಂಗಿನ ಮಡಲಿನ ತಡಿಕೆ ಕಟ್ಟಿದ ಸಾಲು ಬೇಸಿಗೆಯನ್ನೇನೋ ದಾಟಿತು, ಆದರೆ ಮಳೆಗಾಲದಲ್ಲಿ ತಡಿಕೆಯೇ ಕಿತ್ತುಹೋಗಿ ಸಸಿಗಳು ಮತ್ತೆ ಸುಟ್ಟವು. ನೆರಳೊಂದೇ ಸಾಲದು, ಗಾಳಿಯನ್ನೂ ಉಪ್ಪನ್ನೂ ತಡೆಯುವ ಜೀವಂತ ಗೋಡೆ ಬೇಕೆಂದು ನನಗೆ ಖಚಿತವಾದದ್ದು ಆಗ.

ಇಪ್ಪತ್ತು ವರ್ಷ ದಾಟಿದ ಗಾಳಿಮರಗಳ ಪೂರ್ವಕ್ಕೆ, ಕೊಂಬೆಗಳ ನೆರಳು ಮುಗಿಯುವ ಅಂಚಿನಲ್ಲಿ, ಬುಡದಿಂದ ಏಳೆಂಟು ಅಡಿ ಬಿಟ್ಟು ನೆಟ್ಟ ಸಸಿಗಳಲ್ಲಿ ಹತ್ತಕ್ಕೆ ಏಳು ನಿಂತವು. ಬುಡಕ್ಕೆ ಹತ್ತಿರ ನೆಟ್ಟವು ಗೇಣು ದಪ್ಪದ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯ ಹಾಸಿನಲ್ಲಿ, ಹಳದಿಯಾಗಿ ಕೊರಗಿದವು. ಆದ್ದರಿಂದ ನೆಡುವಾಗ ದರಕನ್ನು ಪೂರ್ತಿ ಸರಿಸಿ ಬೇರನ್ನು ಹಸಿ ಹೊಯಿಗೆಗೆ ಮುಟ್ಟಿಸಬೇಕು. ಸಸಿ ಮೊಣಕಾಲೆತ್ತರ ಬಂದ ಮೇಲೆ ಅದೇ ದರಕನ್ನು ಮುಚ್ಚಿಗೆಯಾಗಿ ಹಾಸಿದರೆ ಬೇಸಿಗೆಯಲ್ಲಿ ಹಾಕಬೇಕಾದ ನೀರು ಅರ್ಧಕ್ಕಿಳಿಯುತ್ತದೆ.

ಮರ ಕೊಡುವಷ್ಟೇ ಕಸಿಯುತ್ತದೆಯೋ ಎಂದು ನೋಡಲು ಕೆಲವು ಸಸಿಗಳ ಪಕ್ಕ, ಮರದ ಕಡೆಗೆ, ಒಂದೂವರೆ ಅಡಿ ಆಳ ತೋಡಿ ಮೇಲ್ಬೇರುಗಳನ್ನು ಕಡಿದೆ. ಅವು ಉಳಿದವುಗಳಿಗಿಂತ ಚೆನ್ನಾಗಿ ಚಿಗುರಿದವು, ಆದರೆ ಮರುವರ್ಷವೇ ಬೇರು ಮರಳಿ ಬಂದುದರಿಂದ ಕೂಲಿ ಕೊಟ್ಟು ಮಾಡಿಸುವ ಕೆಲಸ ಅದಲ್ಲ. ಗೇರು ಸಸಿ ಅಲ್ಲಿ ಬದುಕಿತಾದರೂ ಬೆಳಕಿನ ಕಡೆಗೆ ವಾಲಿಕೊಂಡು ಬೆಳೆಯಿತು.

ಹೊನ್ನೆ ಬೀಜದ ಚಿಪ್ಪು ಒಡೆದು ಹಾಕಿದರೆ ಬೇಗ ಮೊಳೆಯುತ್ತದೆಂಬುದು ನಿಮಗೆ ಗೊತ್ತೇ ಇದೆ. ಸಸಿ ಬೆಳೆಸುವ ಕೊಟ್ಟೆಗೆ (ಚೀಲಕ್ಕೆ) ಹಳೆಯ ಹೊನ್ನೆ ಮರದ ಬೇರಿನ ಬಳಿಯ ಮಣ್ಣನ್ನೂ ಬೆರೆಸುತ್ತೇನೆ. ಅದರ ಜೊತೆಗೆ ಹಾಕುವ ಇನ್ನೊಂದು ವಸ್ತುವನ್ನು ಮತ್ತೆರಡು ಮಳೆಗಾಲ ನೋಡಿಯೇ ಹೇಳುತ್ತೇನೆ.

ಕಂಬದ ವ್ಯಾಪಾರಿಗಳು ಗಾಳಿಮರದ ಇಡೀ ಸಾಲಿಗೆ ಒಳ್ಳೆಯ ಬೆಲೆ ಕೇಳುತ್ತಾರೆ. ನಾನು ಪೂರ್ವದ ಸಾಲಿನಲ್ಲಿ ಒಂದು ಬಿಟ್ಟು ಒಂದನ್ನು ಮಾತ್ರ ಕಡಿಸಿದ್ದೇನೆ, ಸಮುದ್ರದ ಕಡೆಯ ಸಾಲನ್ನು ಮುಟ್ಟಿಲ್ಲ. ಬಂದ ಹಣದಲ್ಲಿ ಬೇಲಿಯ ಖರ್ಚು ಮರಳಿದೆ.