ಹುರುಳಿಯ ಮೇಲೆ ಆರು ವರ್ಷ

ಪಿಎಚ್‌ಡಿ ಯಾವುದರ ಮೇಲೆ ಮಾಡಿದ್ದು ಅಂತ ಯಾರಾದರೂ ಕೇಳಿದರೆ ‘ಹುರುಳಿ’ ಅನ್ನುತ್ತೇನೆ. ಮೊದಲು ನಗುತ್ತಾರೆ. ಆಮೇಲೆ, ‘ಸಾರು ಮಾಡ್ತೀವಲ್ಲ, ಅದೇ ಹುರುಳಿನಾ?’ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಹೌದು, ಅದೇ. ಹುರುಳಿ ಕಾಳಿನೊಳಗೆ ಒಂದು ಪುಟ್ಟ ಪ್ರೊಟೀನ್ ಇದೆ. ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಅನ್ನುವ ಜೀರ್ಣದ ಕಿಣ್ವಗಳನ್ನು ಅದು ಹಿಡಿದು ನಿಲ್ಲಿಸುತ್ತದೆ. ಬೌಮನ್-ಬರ್ಕ್ ಇನ್ಹಿಬಿಟರ್ ಅಂತ ಅದರ ಜಾತಿಯ ಹೆಸರು. ಹಸಿ ಕಾಳು ತಿಂದರೆ ಸರಿಯಾಗಿ ಜೀರ್ಣ ಆಗದಿರಲು ಇದೂ ಒಂದು ಕಾರಣ. ಆ ಪ್ರೊಟೀನನ್ನು ಬೇರೆ ಮಾಡಿ, ಶುದ್ಧ ಮಾಡಿ, ಅದರ ಜಾತಕ ಬರೆಯುವುದು ನನ್ನ ಕೆಲಸವಾಗಿತ್ತು. ಆರು ವರ್ಷ ಹಿಡಿಯಿತು.

ಈಗ ಬೆಂಗಳೂರಿನಲ್ಲಿ ಪೇಟೆಂಟ್ ಕೆಲಸ ಮಾಡುತ್ತೇನೆ. ಪಿಪೆಟ್ ಮುಟ್ಟಿ ವರ್ಷಗಳಾದವು. ‘ಅಣ್ಣ, ಹೇಗೆ ಹೊರಗೆ ಬಂದ್ರಿ?’ ಅಂತ ನಮ್ಮ ಲ್ಯಾಬಿನ ಜೂನಿಯರ್‌ಗಳು ಆಗಾಗ ಫೋನ್ ಮಾಡುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮಪ್ಪನದು ಅರಸೀಕೆರೆ ಕಡೆ ಒಂದು ಹಳ್ಳಿಯಲ್ಲಿ ಚಿಲ್ಲರೆ ಅಂಗಡಿ. 2014ರ ಆಗಸ್ಟ್‌ನಲ್ಲಿ ನಾನು ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಕಿರಿಯ ಫೆಲೋಶಿಪ್, ಪಡೆದು ರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದಾಗ ಫೆಲೋಶಿಪ್ ತಿಂಗಳಿಗೆ 16,000 ರೂಪಾಯಿ. ಅದೇ ಅಕ್ಟೋಬರ್‌ನಿಂದ 25,000 ಆಯಿತು. ಅಂಗಡಿಯಲ್ಲಿ ಅಪ್ಪ ಪೇಡಾ ಹಂಚಿದರು. ಆದರೆ ಆ ಹಣ ತಿಂಗಳು ತಿಂಗಳು ಬರುವಂಥದ್ದಲ್ಲ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕ್ಲೇಮ್ ಫಾರಂಗೆ ಗೈಡ್ ಸಹಿ, ಆಮೇಲೆ ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ಅದು ಯಾವ ಟೇಬಲ್ಲಿನ ಮೇಲೆ ಕೂತಿದೆ ಅಂತ ಹುಡುಕುವ ಕೆಲಸ. ಒಮ್ಮೆ ಏಳು ತಿಂಗಳ ಹಣ ಒಟ್ಟಿಗೆ ಬಂತು. ಆ ಏಳು ತಿಂಗಳು ಮೆಸ್ಸಿನಲ್ಲಿ ಉದ್ರಿ, ಜೆರಾಕ್ಸ್ ಅಂಗಡಿಯಲ್ಲಿ ಉದ್ರಿ. ಊರಿಗೆಲ್ಲ ಉದ್ರಿ ಕೊಡುವವರ ಮಗ ಊರೂರಲ್ಲಿ ಉದ್ರಿ ಬರೆಸಿದ.

ಆದರೂ ಮೊದಲ ಎರಡು ವರ್ಷ ಹುರುಪಿತ್ತು. ಕೋರ್ಸ್‌ವರ್ಕ್ ಮುಗಿಯಿತು, ಫೆಲೋಶಿಪ್ ಹಿರಿಯ ದರ್ಜೆಗೆ ಏರಿ ಎಸ್‌ಆರ್‌ಎಫ್ ಆಯಿತು, ಹಣ 28,000ಕ್ಕೆ ಏರಿತು. ಕೆಟ್ಟಿದ್ದು ಮೂರನೇ ವರ್ಷದಿಂದ.

ವರ್ಷಕ್ಕೊಮ್ಮೆ ಕಮಿಟಿ ಮುಂದೆ ಪ್ರಗತಿ ಹೇಳಬೇಕು. ಆ ಸಲ ನನ್ನ ಹತ್ತಿರ ಒಂದೇ ಒಂದು ಚೆನ್ನಾಗಿರುವ ಜೆಲ್ ಚಿತ್ರ (ಪ್ರೊಟೀನ್‌ಗಳು ಬೇರೆ ಬೇರೆ ಗೆರೆಗಳಾಗಿ ಕಾಣುವ ಚಿತ್ರ) ಇತ್ತು. ಉಳಿದದ್ದೆಲ್ಲ ಮಸುಕು. ಕಮಿಟಿಯ ಹಿರಿಯರೊಬ್ಬರು ಸ್ಲೈಡ್ ನೋಡಿ, ‘ಹುರುಳಿ ಏನೋ ಇದೆ ಕಣಯ್ಯಾ, ಹುರುಳೇ ಇಲ್ಲವಲ್ಲ’ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳ್ಳೆಯ ಶ್ಲೇಷೆ, ಈಗಲೂ ಒಪ್ಪುತ್ತೇನೆ. ಅವತ್ತು ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಆಮೇಲೂ ಬಹಳ ದಿನ ಬರಲಿಲ್ಲ.

ಅಲ್ಲಿಂದ ಹಗಲು ರಾತ್ರಿ ಲ್ಯಾಬ್. ಹೆಚ್ಚು ಹೊತ್ತು ಕೂತರೆ ಹೆಚ್ಚು ಫಲಿತಾಂಶ ಅಂತ ನನ್ನ ಲೆಕ್ಕ. 2017ರ ನವೆಂಬರಿನ ಒಂದು ರಾತ್ರಿ ಒಂದೂವರೆ ಗಂಟೆಗೆ ನಾಲ್ಕು ಡಿಗ್ರಿಯ ಕೋಲ್ಡ್ ರೂಮಿನಲ್ಲಿ ಡಯಾಲಿಸಿಸ್ ಚೀಲಕ್ಕೆ ಗಂಟು ಹಾಕಿದೆ. ನೋಡದವರಿಗೆ ಹೇಳುವುದಾದರೆ ಅದು ಒದ್ದೆ ಪ್ಲಾಸ್ಟಿಕ್ ಥರದ ಉದ್ದ ಕೊಳವೆ. ಒಳಗೆ ಪ್ರೊಟೀನ್ ಇರುವ ದ್ರಾವಣ, ಹೊರಗೆ ದೊಡ್ಡ ಬೀಕರಿನಲ್ಲಿ ಬಫರ್. ರಾತ್ರಿಯಿಡೀ ಉಪ್ಪು ಹೊರಗೆ ಸೋರುತ್ತದೆ, ಪ್ರೊಟೀನ್ ಒಳಗೆ ಉಳಿಯುತ್ತದೆ. ಎರಡೂ ತುದಿಗೆ ಬಿಗಿಯಾಗಿ ಗಂಟು ಬೀಳಬೇಕು, ಅಷ್ಟೇ. ನನ್ನ ಬೆರಳು ಮರಗಟ್ಟಿದ್ದವು. ಒಂದು ಗಂಟು ಸಡಿಲ ಬಿತ್ತು. ಬೆಳಿಗ್ಗೆ ಬಂದು ನೋಡಿದರೆ ಚೀಲ ಜೋತುಬಿದ್ದು ತಿರುಗುತ್ತಿತ್ತು. ಮೂರು ವಾರದ ಕೆಲಸ ಎರಡು ಲೀಟರ್ ಬಫರಿನಲ್ಲಿ ಕರಗಿ ಹೋಗಿತ್ತು. ಅಳು ಬರಲಿಲ್ಲ. ಸಿಂಕಿಗೆ ಸುರಿದು, ಬೀಕರ್ ತೊಳೆದಿಟ್ಟು, ಹಾಸ್ಟೆಲಿಗೆ ಹೋಗಿ ಮಲಗಿದೆ. ಹೆಚ್ಚುಕಡಿಮೆ ಎರಡು ತಿಂಗಳು ಮಲಗಿದ್ದೆ.

ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಹನ್ನೊಂದಕ್ಕೆ ಏಳುತ್ತಿದ್ದೆ. ಡಿಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ಗೈಡ್ ಸ್ಕೂಟರ್ ಇದ್ದರೆ ಹಿಂದಿನ ಮೆಟ್ಟಿಲಿಂದ ಹತ್ತುತ್ತಿದ್ದೆ. ಸ್ಕೂಟರ್ ಇಲ್ಲದ ದಿನವೂ ಹತ್ತದೆ ವಾಪಸ್ ಬಂದದ್ದುಂಟು. ಅಮ್ಮನಿಗೆ ಫೋನಿನಲ್ಲಿ ‘ಲ್ಯಾಬಲ್ಲಿ ಇದೀನಿ, ಆಮೇಲೆ ಮಾಡ್ತೀನಿ’ ಅಂತ ಹಾಸಿಗೆಯಿಂದಲೇ ಹೇಳುತ್ತಿದ್ದೆ. ಒಬ್ಬ ಸೀನಿಯರ್‌ಗೆ ಇದು ಗೊತ್ತಾಯಿತು. ಉಪದೇಶ ಮಾಡಲಿಲ್ಲ ಪುಣ್ಯಾತ್ಮ. ‘ನಾಳೆ ಬೆಳಿಗ್ಗೆ ಒಂಬತ್ತಕ್ಕೆ ರೆಡಿ ಇರು’ ಅಂದ. ಬೈಕಿನಲ್ಲಿ ಕೂರಿಸಿಕೊಂಡು ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರ್ ನಿದ್ದೆ ಕೇಳಿದರು, ಊಟ ಕೇಳಿದರು. ಆಮೇಲೆ ‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಿದರು. ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಏಳದೇ ಹೋದರೆ ಸಾಕು ಅನ್ನಿಸುತ್ತೆ ಅಂದೆ. ಎಂಟು ತಿಂಗಳು ಮಾತ್ರೆ ತಗೊಂಡೆ. ಮಾತ್ರೆ ತಗೊಂಡರೆ ತಲೆ ಓಡಲ್ಲ ಅಂತ ಹೆದರಿದ್ದೆ. ಮೊದಲ ಎರಡು ವಾರ ಬಾಯಿ ಒಣಗಿತು, ತೂಕಡಿಕೆ ಬಂತು. ಆಮೇಲೆ ತಲೆ ಓಡಿತು. ಅದಕ್ಕೆ ಮುಂಚೆ ಓಡುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ನನಗೆ ಬೈಕ್ ಇದ್ದ ಸೀನಿಯರ್ ಸಿಕ್ಕಿದ. ಅಂಥವರು ಇಲ್ಲದವರಿಗೆ ಈಗ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೂನಿಯರ್‌ಗಳಿಗೆ ಈ ನಂಬರ್ ಮೊದಲು ಕೊಟ್ಟು, ಕೆರಿಯರ್ ಮಾತು ಆಮೇಲೆ ಆಡುತ್ತೇನೆ.

ನಾನೊಬ್ಬನೇ ಹೀಗೆ ಅಂದುಕೊಂಡಿದ್ದೆ. 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಒಂದು ಲೇಖನ ಬಂತು. 26 ದೇಶಗಳ 2,279 ಜನರನ್ನು, ಹೆಚ್ಚಿನವರು ಪಿಎಚ್‌ಡಿ ವಿದ್ಯಾರ್ಥಿಗಳು, ಕೇಳಿ ಮಾಡಿದ್ದು. ಸಾಮಾನ್ಯ ಜನರಿಗಿಂತ ಇವರಲ್ಲಿ ಖಿನ್ನತೆ, ಆತಂಕ ಆರು ಪಟ್ಟಿಗೂ ಜಾಸ್ತಿ ಅಂತ ಅದರ ಲೆಕ್ಕ. ಓದುತ್ತಿದ್ದಂತೆ ನನ್ನೊಳಗಿನ ಸ್ಕಾಲರ್ ಎದ್ದು ಕೂತ. ಉತ್ತರಿಸಿದವರು ತಾವಾಗಿ ಮುಂದೆ ಬಂದವರು, ನೊಂದವರೇ ಜಾಸ್ತಿ ಬಂದಿರಬಹುದು, ಆರು ಪಟ್ಟು ಅನ್ನೋದು ದೊಡ್ಡ ಮಾತಾಯಿತು ಅಂತ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದೆ. ಗೀಚಿ ಮುಗಿದ ಮೇಲೆ ಹೊಳೆಯಿತು. ತಿಂಗಳುಗಳ ನಂತರ ನಾನು ಒಂದು ಪೇಪರನ್ನು ಜಗಳ ಆಡುತ್ತಾ ಓದಿದ್ದೆ.

ಇನ್ನು ಉದ್ರಿ ಪುಸ್ತಕದ ವಿಷಯ. ರಜೆಗೆ ಊರಿಗೆ ಹೋದಾಗ ಅಪ್ಪನ ಅಂಗಡಿಯಲ್ಲಿ ಕೂತಿದ್ದೆ. ಅಪ್ಪ ರಾತ್ರಿ ಬಾಗಿಲು ಹಾಕುವ ಮುಂಚೆ ಉದ್ದನೆಯ ಕೆಂಪು ರಟ್ಟಿನ ಪುಸ್ತಕ ತೆಗೆದು ಎಡಗಡೆ ಕೊಟ್ಟದ್ದು, ಬಲಗಡೆ ಬಂದದ್ದು ಬರೆಯುತ್ತಾರೆ. ಎಂಟು ನಿಮಿಷದ ಕೆಲಸ. ನನ್ನ ಹತ್ತಿರ ಪ್ರೊಟೀನಿನ ಮೇಲೆ ನಾಲ್ಕು ಲ್ಯಾಬ್ ನೋಟ್‌ಬುಕ್ ಇದ್ದವು. ನನ್ನ ಮೇಲೆ ಒಂದು ಸಾಲೂ ಇರಲಿಲ್ಲ. ಅಂಥದ್ದೇ ಒಂದು ಪುಸ್ತಕ ಅಪ್ಪನಿಂದ ಇಸ್ಕೊಂಡು ಬಂದೆ. ಎಡಗಡೆ ಎಷ್ಟು ಗಂಟೆ ನಿದ್ದೆ, ಎಷ್ಟು ಹೊತ್ತು ಕೆಲಸ, ಯಾವ ಹೊತ್ತಿಗೆ ಏನು ಕೆಟ್ಟಿತು. ಬಲಗಡೆ ಇವತ್ತು ಮಾಡಿದ್ದರಲ್ಲಿ ನಾಳೆ ಮತ್ತೆ ಮಾಡಬೇಕು ಅನ್ನಿಸಿದ್ದು ಯಾವುದು. ಅಷ್ಟೇ. ಭಾವನೆಗಳನ್ನೆಲ್ಲ ಬರೆಯಲು ಹೋಗಲಿಲ್ಲ. ಹೋಗಿದ್ದರೆ ಮೂರನೇ ದಿನಕ್ಕೆ ಬಿಡುತ್ತಿದ್ದೆ.

ಐದು ತಿಂಗಳು ಆದಮೇಲೆ ಕೂತು ಎಣಿಸಿದೆ. ಕೆಟ್ಟ ಪ್ರಯೋಗ 14. ಅದರಲ್ಲಿ 11 ಕೆಟ್ಟದ್ದು ರಾತ್ರಿ ಒಂಬತ್ತರ ಮೇಲೆ. ತಪ್ಪು ಟ್ಯೂಬ್, ತಪ್ಪು ಪಿಎಚ್, ಮರೆತ ಮುಚ್ಚಳ. ಅದನ್ನು ಸರಿ ಮಾಡಲು ಮರುದಿನದ ಹಗಲು ಹೋಗುತ್ತಿತ್ತು, ಹಗಲು ಹೋಯಿತೆಂದು ಮತ್ತೆ ರಾತ್ರಿ ಕೂರುತ್ತಿದ್ದೆ. ಏಳೂವರೆಗೆ ಲ್ಯಾಬ್ ಬಿಡುವುದು ಅಂತ ಗೆರೆ ಎಳೆದೆ. ಮೊದಲ ವಾರ ಕಳ್ಳತನ ಮಾಡಿದ ಹಾಗೆ ಅನ್ನಿಸಿತು. ಕೋಲ್ಡ್ ರೂಮಿನ ಕೆಲಸವನ್ನು ಬೆಳಿಗ್ಗೆಗೆ ತಂದೆ. ಆಮೇಲೆ ಡಯಾಲಿಸಿಸ್ ಚೀಲ ಒಂದೂ ಬಿಚ್ಚಿಕೊಳ್ಳಲಿಲ್ಲ.

ಬಲಗಡೆಯ ಪುಟ ಇನ್ನೂ ವಿಚಿತ್ರವಾಗಿತ್ತು. ನಾಳೆ ಮತ್ತೆ ಮಾಡಬೇಕು ಅನ್ನಿಸಿದ್ದರಲ್ಲಿ ಪ್ರಯೋಗ ಬಹಳ ಕಡಿಮೆ. ಜೂನಿಯರ್ ಬರೆದ ವಿಧಾನದ ಭಾಗ ತಿದ್ದಿದ್ದು, ಹಳೆಯ ಪೇಪರ್‌ಗಳಲ್ಲಿ ಈ ಕೆಲಸ ಯಾರು ಮೊದಲು ಮಾಡಿದರು ಅಂತ ಬೆನ್ನು ಹತ್ತಿ ಹುಡುಕಿದ್ದು, ಇಬ್ಬರು ಒಂದೇ ಪ್ರೊಟೀನಿಗೆ ಬೇರೆ ಬೇರೆ ಹೆಸರಿಟ್ಟದ್ದನ್ನು ಪತ್ತೆ ಮಾಡಿದ್ದು. ಇವೇ ಮತ್ತೆ ಮತ್ತೆ ಬರುತ್ತಿದ್ದವು.

ಪುಸ್ತಕ ಹಿಡಿದುಕೊಂಡು ಗೈಡ್ ಹತ್ತಿರ ಹೋದೆ. ‘ಸರ್, ಪಿಎಚ್‌ಡಿ ಮುಗಿಸ್ತೀನಿ. ಆಮೇಲೆ ಲ್ಯಾಬಿನಲ್ಲಿ ಇರಲ್ಲ’ ಅಂದೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ‘ಹಾಗಾದರೆ ಮೂರನೇ ಅಧ್ಯಾಯದ ಹೆಚ್ಚಿನ ಪ್ರಯೋಗ ಬೇಡ ಬಿಡು’ ಅಂದರು. ನಾನು ಹೆದರುತ್ತಿದ್ದ ಮಾತುಕತೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಎಲ್ಲ ಗೈಡ್‌ಗಳೂ ಹೀಗೇ ಅಂತ ಹೇಳಲಾರೆ. ಪಕ್ಕದ ಲ್ಯಾಬಿನ ಗೆಳತಿಗೆ ಇದೇ ಮಾತಿಗೆ ಒಂದು ವರ್ಷ ಸಹಿ ಸಿಗಲಿಲ್ಲ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಮಾಡಿದ್ದೇನು, ಮುಂದೇನು ಅಂತ ಒಂದು ಪುಟ ಬರೆದು ಗೈಡ್‌ಗೆ ಇಮೇಲ್ ಮಾಡುವ ರೂಢಿ ಇಟ್ಟುಕೊಂಡೆ. ಬಾಯಿ ಮಾತು ಯಾರಿಗೂ ನೆನಪಿರಲ್ಲ.

ದಾರಿಗಳನ್ನೂ ಲೆಕ್ಕ ಹಾಕಿದೆ. ಪೋಸ್ಟ್‌ಡಾಕ್, ಪಿಎಚ್‌ಡಿ ನಂತರದ ಸಂಶೋಧನೆ, ಅಂದರೆ ಮತ್ತೆ ಕೋಲ್ಡ್ ರೂಮ್. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಕೆಸೆಟ್ ಪಾಸಾಗಿತ್ತು, ಆದರೆ ಕಾಯಂ ಹುದ್ದೆಯ ನೇಮಕಾತಿ ಯಾವಾಗ ಕರೆಯುತ್ತಾರೋ ದೇವರೇ ಬಲ್ಲ. ಅತಿಥಿ ಉಪನ್ಯಾಸಕನಾಗಿ ಒಂದು ಸೆಮಿಸ್ಟರ್ ಪಾಠ ಮಾಡಿ ನೋಡಿದೆ. ಮಕ್ಕಳು ಚೆನ್ನಾಗಿದ್ದರು. ಗೌರವಧನಕ್ಕಾಗಿ ಮತ್ತೆ ಟೇಬಲ್ ಟೇಬಲ್ ಅಲೆಯುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಪೇಟೆಂಟ್ ಅನ್ನುವ ಪದ ಎಂಎಸ್ಸಿ ಗೆಳೆಯನೊಬ್ಬ ಹೇಳಿದ್ದು. ಒಂದು ಆವಿಷ್ಕಾರ ನಿಜವಾಗಿ ಹೊಸದೋ, ಅದಕ್ಕೂ ಮೊದಲು ಯಾರಾದರೂ ಬರೆದಿದ್ದಾರೋ ಅಂತ ಹುಡುಕುವ ಕೆಲಸಕ್ಕೂ ಸಂಬಳ ಕೊಡುತ್ತಾರಂತೆ! ನನ್ನ ಬಲಗಡೆಯ ಪುಟಕ್ಕೆ ಸಂಬಳ. ಕಾನೂನು ಪದವಿ ಬೇಕಾಗಿಲ್ಲ, ವಿಜ್ಞಾನದ ಪದವಿ ಸಾಕು. ಮುಂದೆ, ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ನಡೆಸಲು, ಪೇಟೆಂಟ್ ಏಜೆಂಟ್ ಪರೀಕ್ಷೆ ಇದೆ. ಎರಡು ಪೇಪರ್, ಒಂದು ವೈವಾ, ಅಂದರೆ ಮೌಖಿಕ ಪರೀಕ್ಷೆ. ಒಂದೊಂದು ಪೇಪರಿನಲ್ಲೂ ಶೇಕಡ 50, ಒಟ್ಟಾರೆ 60 ಬರಬೇಕು. ಪ್ರತಿ ವರ್ಷ ತಪ್ಪದೆ ನಡೆಯುತ್ತದೆ ಅಂತ ನಂಬಿಕೊಂಡು ಕೂರಬೇಡಿ. ನಾನು ಕೆಲಸಕ್ಕೆ ಸೇರಿದ ಮೇಲೆ ಬರೆದು ಪಾಸು ಮಾಡಿದೆ.

1970ರ ಪೇಟೆಂಟ್ ಕಾಯ್ದೆಯನ್ನು ಹಾಸ್ಟೆಲ್ ತಾರಸಿಯಲ್ಲಿ ಓದಿದೆ. ಮೂರನೇ ಸೆಕ್ಷನ್ನಿಗೆ ಬಂದಾಗ ಜೋರಾಗಿ ನಕ್ಕೆ. 3(ಸಿ) ಪ್ರಕಾರ ಪ್ರಕೃತಿಯಲ್ಲಿ ಮೊದಲೇ ಇರುವ ವಸ್ತುವನ್ನು ಕಂಡುಹಿಡಿದರೆ ಅದು ಆವಿಷ್ಕಾರ ಅಲ್ಲ. ಅಂದರೆ ನಾನು ಇಷ್ಟು ವರ್ಷ ಜೀವ ತೇದ ಹುರುಳಿ ಪ್ರೊಟೀನಿಗೆ ಪೇಟೆಂಟ್ ಸಿಗುವ ಹಾಗೇ ಇಲ್ಲ. ಹುರುಳಿಲ್ಲ ಅಂದ ಆ ಹಿರಿಯರು ಕಾನೂನಿನ ಕಣ್ಣಿನಲ್ಲಿ ಸರಿಯಾಗೇ ಹೇಳಿದ್ದರು!

ಹಣದ ವಿಷಯ ಬಿಡುವಂತಿಲ್ಲ. ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ, ಥೀಸಿಸ್ ನಿಲ್ಲುವುದಿಲ್ಲ. 2018ರ ಜನವರಿಯಿಂದ ಬಾಕಿ ಬಂದಾಗೆಲ್ಲ ತಿಂಗಳಿಗೆ 6,000 ಲೆಕ್ಕದಲ್ಲಿ ಎತ್ತಿಟ್ಟೆ. 18 ತಿಂಗಳಿಗೆ 1,08,000 ಆಯಿತು. 2019ರಲ್ಲಿ ಎಸ್‌ಆರ್‌ಎಫ್ 35,000ಕ್ಕೆ ಏರಿ ಖುಷಿಪಡುವಷ್ಟರಲ್ಲಿ ಆಗಸ್ಟ್ ಬಂತು, ಹಣ ನಿಂತಿತು. ಆ ಗಂಟಿನ ಮೇಲೆ ಕೂತು ಥೀಸಿಸ್ ಬರೆದು 2020ರ ಫೆಬ್ರವರಿಯಲ್ಲಿ ಸಲ್ಲಿಸಿದೆ. ಮಾರ್ಚ್‌ನಲ್ಲಿ ಲಾಕ್‌ಡೌನ್. ವೈವಾ ನವೆಂಬರ್‌ನಲ್ಲಿ ಆನ್‌ಲೈನ್ ನಡೆಯಿತು. ಅಂಗಡಿಯ ಗೋದಾಮಿನಲ್ಲಿ ಅಕ್ಕಿ ಮೂಟೆಗಳ ಮುಂದೆ ಬಿಳಿ ಪಂಚೆ ಕಟ್ಟಿ, ಅದನ್ನು ಹಿನ್ನೆಲೆ ಮಾಡಿಕೊಂಡು ಉತ್ತರ ಹೇಳಿದೆ. ಈಗ ಜೆಆರ್‌ಎಫ್ 37,000, ಎಸ್‌ಆರ್‌ಎಫ್ 42,000. ಎತ್ತಿಡುವ ಮೊತ್ತವನ್ನೂ ಹಾಗೇ ಏರಿಸಿಕೊಳ್ಳಿ.

ಇಂಟರ್‌ವ್ಯೂನಲ್ಲಿ ಒಂದು ಕಾಲ್ಪನಿಕ ಅರ್ಜಿ ಕೊಟ್ಟು ಇದು ಹೊಸದಾ ನೋಡಿ ಅಂದರು. ಮೂತ್ರಪಿಂಡದ ಕಲ್ಲಿಗೆ ಒಂದು ಕಾಳಿನ ಕಷಾಯ. ನಮ್ಮಜ್ಜಿ ಕುಡಿಸುತ್ತಿದ್ದ ಹುರುಳಿ ಕಟ್ಟು! ಆದರೆ ‘ಅಜ್ಜಿ ಹೇಳಿದ್ದರು’ ಅಂತ ವರದಿಯಲ್ಲಿ ಬರೆಯಲು ಬರುವುದಿಲ್ಲ, ದಾಖಲೆ ಬೇಕು. ಅರಿಶಿನದಿಂದ ಗಾಯ ವಾಸಿ ಮಾಡುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಮನೆಮಾತಿನಿಂದ ಆಗಲಿಲ್ಲ. ನಾನೂ ಆಯುರ್ವೇದದಲ್ಲಿ ಹುರುಳಿಯನ್ನು ‘ಕುಲತ್ಥ’ ಅಂತಾರೆ ಅನ್ನುವ ಎಳೆ ಹಿಡಿದು ಹುಡುಕಿ, ಎರಡು ಗಂಟೆಯಲ್ಲಿ ಮೂರು ದಾಖಲೆ ಇಟ್ಟೆ. ಕೆಲಸ ಸಿಕ್ಕಿತು. ಸಂಬಳ 38,000. ಆರು ವರ್ಷ ಓದಿದ್ದಕ್ಕೆ ಇಷ್ಟೇನಾ ಅಂತ ಊರಲ್ಲಿ ಕೇಳಿದರು. ಒಂದನೇ ತಾರೀಖು ಬರುತ್ತೆ ಅಂದೆ. ಅಪ್ಪನಿಗೆ ಮಾತ್ರ ಅರ್ಥ ಆಯಿತು.

ಕೆಲಸದಲ್ಲೂ ಡೆಡ್‌ಲೈನ್ ಇದೆ, ಸೊಂಟ ನೋವಿದೆ, ಕೆಲವು ಸೋಮವಾರ ಹಳೆಯ ಮಂಕು ಬಂದು ಹೋಗುತ್ತದೆ. ಎಡಗಡೆಯ ಪುಟ ಈಗಲೂ ಬರೆಯುತ್ತೇನೆ.

ಹೋದ ವರ್ಷ ಜೂನಿಯರ್ ಒಬ್ಬಳು ಡೀಪ್ ಫ್ರೀಜರ್ ತೊಳೆಯುವಾಗ ಫೋಟೋ ಕಳಿಸಿದಳು. ಮಂಜು ಹಿಡಿದ ಡಬ್ಬಿ, ಮೇಲೆ ನನ್ನದೇ ಅಕ್ಷರ: ‘ಹುರುಳಿ, 2017, ದಯವಿಟ್ಟು ಬಿಸಾಡಬೇಡಿ’. ಏನು ಮಾಡಲಿ ಅಣ್ಣ ಅಂತ ಕೇಳಿದ್ದಳು. ಬಿಸಾಡು, ಡಬ್ಬಿ ತೊಳೆದು ನೀನು ಇಟ್ಟುಕೋ, ಒಳ್ಳೆಯ ಡಬ್ಬಿ ಅದು ಅಂತ ಬರೆದೆ.