ಕಸಿಯ ನಂತರ ಟಿ ಕೋಶಗಳ ಬೆನ್ನು ಹತ್ತಿ: ನನ್ನ ಅನುಭವ

ಮೂಳೆಮಜ್ಜೆ ಕಸಿಯಾದ ಮೇಲೆ ಕೆಲವೊಮ್ಮೆ ದಾನಿಯ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ರೋಗಿಯ ಮೈಮೇಲೇ ತಿರುಗಿ ಬೀಳುತ್ತವೆ. ಚರ್ಮ, ಲಿವರ್, ಕರುಳಿಗೆ ಪೆಟ್ಟು ಜಾಸ್ತಿ. ಇದೇ ಜಿವಿಎಚ್‌ಡಿ, ಅಂದರೆ ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್. ಆ ಕೋಶಗಳು ಎಲ್ಲಿ ಹೋಗಿ ಏನು ಮಾಡುತ್ತವೆ ಅಂತ ಇಲಿಗಳಲ್ಲಿ ಹುಡುಕುವುದು ನನ್ನ ಕೆಲಸ.

ಬಾಲ್ಬ್-ಸಿ ಎಂಬ ತಳಿಯ ಇಲಿಗೆ ರೇಡಿಯೇಶನ್ ಕೊಟ್ಟು, ಬಿ6 ಎಂಬ ಬೇರೆ ತಳಿಯ ಇಲಿಯ ಮಜ್ಜೆ ಮತ್ತು ಟಿ ಕೋಶಗಳನ್ನು ರಕ್ತನಾಳಕ್ಕೆ ಬಿಡುತ್ತೇನೆ. ಬಿಳಿ ರಕ್ತಕಣಗಳ ಮೈಮೇಲಿರುವ ಸಿಡಿ45 ಪ್ರೋಟೀನಿಗೆ ಎರಡು ರೂಪ: ಮಜ್ಜೆಯದು ಸಿಡಿ45.2, ಟಿ ಕೋಶಗಳದು ಸಿಡಿ45.1. ಈ ಗುರುತು ಇಲ್ಲದಿದ್ದರೆ ಯಾವುದು ಮಜ್ಜೆಯಿಂದ ಆಮೇಲೆ ಹುಟ್ಟಿದ್ದು, ಯಾವುದು ನಾವೇ ಬಿಟ್ಟದ್ದು ಗೊತ್ತಾಗುವುದಿಲ್ಲ. ಬರೀ ಮಜ್ಜೆ ಪಡೆದ ಇಲಿಗಳ ಗುಂಪೂ ಬೇಕೇ ಬೇಕು. ಇಲ್ಲದಿದ್ದರೆ ರೇಡಿಯೇಶನ್‌ನಿಂದ ಇಳಿದ ತೂಕವನ್ನೂ ಜಿವಿಎಚ್‌ಡಿ ಲೆಕ್ಕಕ್ಕೇ ಬರೆದುಬಿಡುತ್ತೇವೆ.

ಬೆಳಕು ಹೊಮ್ಮಿಸುವ ಲೂಸಿಫೆರೇಸ್ ಕಿಣ್ವ ಇರುವ ಕೋಶಗಳಾದರೆ ಜೀವಂತ ಇಲಿಯಲ್ಲೇ ಅವುಗಳ ಬೆಳಕು ಕಾಣುತ್ತದೆ. ಮೊದಲು ಗುಲ್ಮ, ದುಗ್ಧ ಗ್ರಂಥಿಗಳು. ಕೆಲ ದಿನ ಕಳೆದರೆ ಕರುಳು. ಚಿತ್ರ ಚೆಂದ. ಆದರೆ ಕಾಣುವುದು ಗುಂಪು ಮಾತ್ರ, ಒಂದೊಂದು ಕೋಶವಲ್ಲ. ಇನ್ನೊಂದು ದಾರಿ, ಕೋಶಗಳನ್ನು ಬಿಡುವ ಮೊದಲೇ ಅವಕ್ಕೆ ಹಚ್ಚುವ ಸಿಎಫ್‌ಎಸ್‌ಇ ಎಂಬ ಹೊಳೆಯುವ ಬಣ್ಣ. ಕೋಶ ಒಂದು ಎರಡಾಗಿ ಒಡೆದಾಗಲೆಲ್ಲ ಅದು ಅರ್ಧಕ್ಕಿಳಿಯುತ್ತದೆ. ಏಳೆಂಟು ಸಲ ಒಡೆದ ಮೇಲೆ ಅದರ ಆಟವೂ ಮುಗಿಯಿತು.

ಕೈಗೆ ಹೆಚ್ಚು ಕೆಲಸ ಇರುವುದು ಕರುಳಲ್ಲೇ. ಇಲಿಯನ್ನು ಕೊನೆಗೊಳಿಸುವ ಮೂರು ನಿಮಿಷ ಮೊದಲು ಸಿಡಿ45ಗೆ ಅಂಟುವ, ಹೊಳೆಯುವ ಆಂಟಿಬಾಡಿಯನ್ನು ಬಾಲದ ನಾಳಕ್ಕೆ ಚುಚ್ಚುತ್ತೇನೆ. ರಕ್ತದಲ್ಲಿದ್ದ ಕೋಶಗಳಿಗೆ ಬಣ್ಣ ಹತ್ತುತ್ತದೆ, ಅಂಗಾಂಶದೊಳಗೆ ಸೇರಿಕೊಂಡವು ಹಾಗೇ ಉಳಿಯುತ್ತವೆ. ಸುಮ್ನೆ ಹಾದುಹೋಗುತ್ತಿದ್ದವನ್ನು ಲೆಕ್ಕದಿಂದ ಬಿಡಬಹುದು. ಲಿವರ್‌ನಲ್ಲಿ ಮಾತ್ರ ಇದನ್ನು ಅಷ್ಟು ನಂಬಬೇಡಿ. ಅಲ್ಲಿನ ನಾಳಗಳ ಗೋಡೆಯಲ್ಲೇ ತೂತುಗಳಿವೆ, ಅಲ್ವಾ? ಆಮೇಲೆ ಕರುಳನ್ನು ಸೀಳಿ, ತೊಳೆದು, ಒಳಪದರ ಬಿಡಿಸುವ ಇಡಿಟಿಎ ದ್ರಾವಣದಲ್ಲಿ ಅಲುಗಾಡಿಸಿ, ಅಂಗಾಂಶ ಕರಗಿಸುವ ಕೊಲಾಜಿನೇಸ್ ಕಿಣ್ವದಲ್ಲಿ 37 ಡಿಗ್ರಿಗೆ ಇಡುತ್ತೇನೆ. ಹೊತ್ತು ಜಾಸ್ತಿಯಾದರೆ ಕೋಶಗಳು ಸಾಯುತ್ತವೆ. ಸತ್ತವು ಎಲ್ಲ ಆಂಟಿಬಾಡಿಗೂ ಅಂಟಿಕೊಂಡು ಸುಳ್ಳು ಹೇಳುತ್ತವೆ. ಸತ್ತ ಕೋಶ ಗುರುತಿಸುವ ಬಣ್ಣ ಹಾಕದೆ ನಾನು ಕೋಶಗಳನ್ನು ಬಣ್ಣ ನೋಡಿ ಎಣಿಸುವ ಯಂತ್ರದ (ಫ್ಲೋ ಸೈಟೋಮೀಟರ್) ಹತ್ತಿರ ಹೋಗುವುದೇ ಇಲ್ಲ.

ಒಂದೊಂದು ಕೋಶದ ಜಾಡು ಸಿಗುವುದು ಒಂದೊಂದೇ ಕೋಶದ ಜೀನ್ ಓದುವ ಸಿಂಗಲ್ ಸೆಲ್ ಸೀಕ್ವೆನ್ಸಿಂಗ್‌ನಲ್ಲಿ. ಟಿ ಕೋಶ ತನ್ನ ಗುರಿಯನ್ನು ಗುರುತಿಸಲು ಬಳಸುವ ರಿಸೆಪ್ಟರ್‌ನ ಜೀನ್ ಮನೆತನದ ಹೆಸರಿದ್ದಂತೆ, ಮರಿ ಕೋಶಗಳಿಗೂ ಅದೇ ಬರುತ್ತದೆ. ಕರುಳು, ಲಿವರ್ ಎರಡರಲ್ಲೂ ಒಂದೇ ರಿಸೆಪ್ಟರ್ ಸಿಕ್ಕರೆ ಅವು ಒಂದೇ ಕೋಶದ ಸಂತಾನ. ಒಂದು ಕಡೆ ಅವು ಯಾವ ಜೀನ್ ಚಾಲೂ ಮಾಡಿವೆ, ಇನ್ನೊಂದು ಕಡೆ ಯಾವುದು ಅಂತಲೂ ತಿಳಿಯುತ್ತದೆ. ನನಗೆ ಇದೇ ಎಲ್ಲಕ್ಕಿಂತ ಉಪಯೋಗದ ಮಾಹಿತಿ. ಆದರೆ ಇಲಿಯಿಂದ ಇಲಿಗೆ ಈ ಮನೆತನಗಳು ಬಹುಪಾಲು ಬೇರೆಬೇರೆ. ಹಾಗಾಗಿ ಒಂದೇ ಇಲಿಯ ಎಲ್ಲ ಅಂಗಗಳನ್ನೂ ಒಂದೇ ದಿನ ತೆಗೆಯಬೇಕು. ಅದಕ್ಕೆ ಇಬ್ಬರಾದರೂ ಬೇಕು: ಒಬ್ಬರು ಕರುಳಿಗೆ, ಇನ್ನೊಬ್ಬರು ಉಳಿದದ್ದಕ್ಕೆ.