ಪೆಬಲ್ ಬೀಚೋ, ಬ್ಯಾಂಡನ್ ಡ್ಯೂನ್ಸೋ? ಜೀವಮಾನದ ಗಾಲ್ಫ್ ಪ್ರವಾಸ ಆರಿಸುವ ಬಗೆ

ನಮ್ಮ ಬೆಳಗಿನ ಗುಂಪಿನಲ್ಲಿ ಆಡುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮೊನ್ನೆ ಇನ್ನೂರು ಪುಟದ ನೋಟ್ ಪುಸ್ತಕವೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿಟ್ಟರು. ಎಡಪುಟದ ನೆತ್ತಿಗೆ ಪೆಬಲ್ ಬೀಚ್, ಬಲಪುಟದ ನೆತ್ತಿಗೆ ಬ್ಯಾಂಡನ್ ಡ್ಯೂನ್ಸ್ ಎಂದು ಬರೆದು, ಸ್ಕೇಲಿಟ್ಟು ಗೆರೆ ಎಳೆದಿದ್ದರು. ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ವೀಸಾ ಕೈಯಲ್ಲಿದೆ. ಕೂಡಿಟ್ಟ ಹಣ ಒಂದಕ್ಕೆ ಸಾಲುತ್ತದೆ, ಎರಡಕ್ಕೆ ಸಾಲದು. "ನೀವು ಎರಡೂ ಕಡೆ ಆಡಿ ಬಂದವರು, ಯಾವುದೆಂದು ಹೇಳಿಬಿಡಿ ಸಾರ್" ಎಂದರು. ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ.

ನಮ್ಮ ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಲು ಹೊರಟ, ಗಾಲ್ಫ್ ಹುಚ್ಚಿರುವ ಅಪ್ಪ ಅಮ್ಮಂದಿರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಪೆಬಲ್ ಬೀಚ್ ಇರುವುದು ಕ್ಯಾಲಿಫೋರ್ನಿಯಾದ ಮಾಂಟೆರೇ ಪರ್ಯಾಯದ್ವೀಪದಲ್ಲಿ. ಬ್ಯಾಂಡನ್ ಅಲ್ಲಿಂದ ಬಹಳ ಉತ್ತರಕ್ಕೆ, ಆರೆಗಾನ್ ರಾಜ್ಯದ ಕಡಲಂಚಿನಲ್ಲಿದೆ. ಎರಡರ ಮಗ್ಗುಲಲ್ಲೂ ಅದೇ ಪೆಸಿಫಿಕ್ ಸಾಗರ. ಎರಡೂ ಸದಸ್ಯರಿಗಷ್ಟೇ ಮೀಸಲಾದ ಕ್ಲಬ್ಬುಗಳಲ್ಲ; ದುಡ್ಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ನಾನು ಅವರ ಪುಸ್ತಕದಲ್ಲಿ ಗೆರೆ ಎಳೆಯುತ್ತಾ ಹೋದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಂಡಿಯನ್ನು ಕೇಳಿ

ಬಹಳ ಜನ ಮೊದಲು ದರ ನೋಡುತ್ತಾರೆ, ಇಲ್ಲವೇ ಫೋಟೊ ನೋಡುತ್ತಾರೆ. ನೋಡಬೇಕಾದದ್ದು ಮಂಡಿಯನ್ನು. ಬ್ಯಾಂಡನ್‌ನಲ್ಲಿ ನಡೆದೇ ಆಡಬೇಕು. ವೈದ್ಯಕೀಯ ಕಾರಣವಿರುವವರನ್ನು ಬಿಟ್ಟರೆ ಬೇರೆ ಯಾರಿಗೂ ಬ್ಯಾಟರಿ ಬಂಡಿ ಇಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಳ್ಳಿ, ಕೈಗಾಡಿಯಲ್ಲಿ ತಳ್ಳಿ, ಅಥವಾ ಚೀಲ ಹೊತ್ತು ದಾರಿ ಹೇಳುವ ಕ್ಯಾಡಿ ಇಟ್ಟುಕೊಳ್ಳಿ. ಕಾಲು ಮಾತ್ರ ನಿಮ್ಮದೇ. ಹದಿನೆಂಟು ಹೋಲ್, ಅಂದರೆ ಕುಳಿಗಳ, ಒಂದು ಸುತ್ತಿಗೆ ಎಂಟರಿಂದ ಹತ್ತು ಕಿಲೋಮೀಟರ್ ನಡಿಗೆ, ಅದೂ ಮರಳುದಿಬ್ಬಗಳ ಏರಿಳಿತದಲ್ಲಿ. ಅಲ್ಲಿಗೆ ಹೋದವರು ದಿನಕ್ಕೆ ಎರಡು ಸುತ್ತು ಆಡದೆ ಬರುವುದು ಕಡಿಮೆ. ಪೆಬಲ್ ಬೀಚ್‌ನಲ್ಲಿ ನಡೆದೂ ಆಡಬಹುದು, ಬಂಡಿಯಲ್ಲೂ ಹೋಗಬಹುದು. ಬಂಡಿ ಅದರ ಹಾದಿ ಬಿಟ್ಟು ಹುಲ್ಲಿಗೆ ಇಳಿಯುವಂತಿಲ್ಲ, ಅಷ್ಟೆ.

ಮೈಸೂರಿನವರಿಗೆ ಇದಕ್ಕೊಂದು ಒಳ್ಳೆಯ ಪರೀಕ್ಷೆ ಕಣ್ಣೆದುರಿಗೇ ಇದೆ. ಒಂದು ಶನಿವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ನಡೆದೇ ಇಳಿಯಿರಿ. ಮರುದಿನ ಬೆಳಿಗ್ಗೆ ಬೆಟ್ಟದ ತಪ್ಪಲಿನ ನಮ್ಮ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಹದಿನೆಂಟು ಹೋಲ್ ನಡೆದು ಆಡಿ. ಸೋಮವಾರ ಎದ್ದಾಗ ಮೆಟ್ಟಿಲಿಳಿಯಲು ಕೈಯಾಸರೆ ಬೇಕಾಗದಿದ್ದರೆ ಬ್ಯಾಂಡನ್ ನಿಮ್ಮ ಪಟ್ಟಿಯಲ್ಲಿ ಉಳಿಯಲಿ. ಗಮನಿಸಬೇಕಾದದ್ದು ಹತ್ತುವುದನ್ನಲ್ಲ, ಇಳಿಯುವುದನ್ನು. ಹತ್ತುವಾಗ ಉಸಿರು ಕೈಕೊಡುತ್ತದೆ, ಅದನ್ನು ಎರಡು ತಿಂಗಳಲ್ಲಿ ಸರಿ ಮಾಡಿಕೊಳ್ಳಬಹುದು. ನಂದಿಯಿಂದ ಕೆಳಕ್ಕೆ ಬರುವಾಗ ಮಂಡಿಯೊಳಗೆ ಚುಚ್ಚಿದರೆ ಅದು ಬೇರೆ ಮಾತು. ಆಷಾಢ ಶುಕ್ರವಾರಗಳಲ್ಲಿ ಮಾತ್ರ ಈ ಪರೀಕ್ಷೆ ಬೇಡ, ಅಂದು ಮೆಟ್ಟಿಲು ಭಕ್ತರದು.

ಜೊತೆಗೆ ಬರುವವರು ಯಾರು?

ನೋಟ್ ಪುಸ್ತಕದ ಮೇಲೆ ನಾವು ಬಾಗಿದ್ದಾಗ ಅವರ ಪತ್ನಿ ಕಾರಿನ ಕೀಲಿ ಕೇಳಲು ಬಂದರು. ಎರಡು ನಿಮಿಷ ನಿಂತು ಕೇಳಿಸಿಕೊಂಡು, "ಅಲ್ಲಾ ರೀ, ನೀವು ಐದು ಗಂಟೆ ಆಡುತ್ತೀರಿ, ಅಷ್ಟು ಹೊತ್ತು ನಾನೇನು ಮಾಡಲಿ?" ಎಂದರು. ಎರಡು ಪುಟ ತುಂಬ ಬರೆದಿದ್ದ ಅಂಕಿಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಬ್ಯಾಂಡನ್ ಇರುವುದೇ ಗಾಲ್ಫ್‌ಗಾಗಿ. ಊರು ಚಿಕ್ಕದು. ಕಡಲಲ್ಲಿ ನಿಂತ ಬಂಡೆಗಳಿವೆ, 1896ರ ಕೊಕೀಲ್ ನದಿಯ ದೀಪಸ್ತಂಭವಿದೆ, ಕ್ರ್ಯಾನ್‌ಬೆರಿ ಹಣ್ಣಿನ ತೋಟಗಳಿವೆ. ಆಡದವರಿಗೆ ಒಂದು ದಿನ ಚೆನ್ನಾಗಿ ಕಳೆಯುತ್ತದೆ, ನಾಲ್ಕು ದಿನ ಕಷ್ಟ. ಸ್ನೇಹಿತರ ಗುಂಪು ಹೋಗುವುದಾದರೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಪೆಬಲ್ ಬೀಚ್‌ನಲ್ಲಿ ಹಾಗಿಲ್ಲ. ಮಾಂಟೆರೇಯ ಮತ್ಸ್ಯಾಲಯದಲ್ಲಿ ಅರ್ಧ ದಿನ ಗೊತ್ತೇ ಆಗದಂತೆ ಹೋಗುತ್ತದೆ. ಕಾರ್ಮೆಲ್ ಊರಿನ ಬೀದಿಗಳಲ್ಲಿ ಸುಮ್ಮನೆ ಅಡ್ಡಾಡಬಹುದು. ಹದಿನೇಳು ಮೈಲಿ ರಸ್ತೆ ಎಂಬ ಕಡಲಂಚಿನ ದಾರಿಯಲ್ಲಿ ಬಂಡೆಯ ತುದಿಗೆ ಒಂಟಿಯಾಗಿ ನಿಂತ ಸೈಪ್ರೆಸ್ ಮರವಿದೆ. ಸಂಜೆ ಅಲ್ಲೇ ಇರುವ ಸ್ಪ್ಯಾನಿಷ್ ಬೇ ರೆಸಾರ್ಟಿನಲ್ಲಿ ಬ್ಯಾಗ್‌ಪೈಪ್ ಊದುವವನು ಹುಲ್ಲಿನ ಮೇಲೆ ನಡೆದು ಬರುತ್ತಾನೆ. ಸ್ಯಾನ್ ಹೋಸೆಯಿಂದ ಕಾರಿನಲ್ಲಿ ಒಂದೂವರೆ, ಎರಡು ಗಂಟೆಯ ದಾರಿ. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲರೂ ಬರಬಹುದು. ಮಾಂಟೆರೇ ಕಡೆ ಭಾರತೀಯ ಊಟ ಸಿಗುತ್ತದೆ. ಬ್ಯಾಂಡನ್‌ಗೆ ಹೋಗುವ ಸಸ್ಯಾಹಾರಿಗಳು ಗೊಜ್ಜವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ಸರಿ.

ಎರಡು ನೆಲ, ಎರಡು ಆಟ

ಈಗ ಆಟಕ್ಕೆ ಬರೋಣ. ನನಗೆ ಹೆಚ್ಚು ಹೇಳಬೇಕೆನಿಸುವುದು ಇಲ್ಲೇ.

ಪೆಬಲ್ ಬೀಚ್ ಗಾಲ್ಫ್ ಲಿಂಕ್ಸ್ ತೆರೆದದ್ದು 1919ರಲ್ಲಿ. ಜ್ಯಾಕ್ ನೆವಿಲ್ ಮತ್ತು ಡಗ್ಲಸ್ ಗ್ರ್ಯಾಂಟ್ ಅದನ್ನು ರೂಪಿಸಿದರು. ಅಮೆರಿಕದ ದೊಡ್ಡ ಗಾಲ್ಫ್ ಪಂದ್ಯಾವಳಿಯಾದ ಪುರುಷರ ಯು.ಎಸ್. ಓಪನ್ 1972ರಿಂದ 2019ರವರೆಗೆ ಅಲ್ಲಿ ಆರು ಸಲ ನಡೆದಿದೆ. 1982ರಲ್ಲಿ ಟಾಮ್ ವಾಟ್ಸನ್ ಹದಿನೇಳನೇ ಗ್ರೀನಿನ (ಕುಳಿಯಿರುವ ನುಣುಪು ಹುಲ್ಲಿನ ಅಂಗಳ) ಪಕ್ಕದ ಒತ್ತು ಹುಲ್ಲಿನಿಂದ ಚೆಂಡನ್ನು ನೇರ ಕುಳಿಗೆ ಹಾಕಿದ್ದು, 2000ದಲ್ಲಿ ಟೈಗರ್ ವುಡ್ಸ್ ಹದಿನೈದು ಹೊಡೆತಗಳ ಅಂತರದಿಂದ ಗೆದ್ದದ್ದು ಇದೇ ನೆಲದಲ್ಲಿ. ಆ ಇತಿಹಾಸ ಓದಿ ಹೋದವರಿಗೆ ಪ್ರತಿ ಹೋಲ್‌ನಲ್ಲೂ ಪರಿಚಿತರ ಮನೆಯಂಗಳಕ್ಕೆ ಕಾಲಿಟ್ಟ ಹಾಗಾಗುತ್ತದೆ. ನಾಲ್ಕರಿಂದ ಹತ್ತರವರೆಗೆ, ಮತ್ತೆ ಹದಿನೇಳು, ಹದಿನೆಂಟು, ಒಟ್ಟು ಒಂಬತ್ತು ಹೋಲ್‌ಗಳಿಗೆ ಕಡಲು ತಾಗಿಕೊಂಡಿದೆ. ಗ್ರೀನುಗಳು ಬಹಳ ಚಿಕ್ಕವು, ಸರಾಸರಿ 3,500 ಚದರ ಅಡಿ. ದೂರ ಹೊಡೆಯುವವರಿಗಿಂತ ಗುರಿ ಇಟ್ಟು ಹೊಡೆಯುವವರಿಗೆ ಒಲಿಯುವ ಮೈದಾನ ಅದು.

ಏಳನೇ ಹೋಲ್ 106 ಗಜ. ಯು.ಎಸ್. ಓಪನ್ ನಡೆಯುವ ಮೈದಾನಗಳಲ್ಲಿ ಇಷ್ಟು ಗಿಡ್ಡ ಹೋಲ್ ಕಾಣುವುದು ಅಪರೂಪ. ಮೊದಲ ಹೊಡೆತ ಹೊಡೆಯುವ ಜಾಗವಾದ ಟೀ ಮೇಲೆ ನಿಂತರೆ ಗ್ರೀನು ಕಾಲಡಿಯಲ್ಲಿ ಒಂದು ಚಾಪೆಯ ಹಾಗೆ ಬಿದ್ದಿರುತ್ತದೆ. ಸುತ್ತ ಬಂಕರು ಎಂಬ ಮರಳುಗುಳಿಗಳು, ಅದರಾಚೆ ಬಂಡೆ, ಬಂಡೆಗೆ ಅಪ್ಪಳಿಸುವ ನೀರು. ಗಾಳಿಯಿಲ್ಲದ ದಿನ ವೆಜ್ ಎಂಬ ಗಿಡ್ಡ ಹೊಡೆತದ ಸ್ಟಿಕ್ಕು ಸಾಕು. ನಾನು ನಿಂತ ದಿನ ಎದುರುಗಾಳಿಗೆ ಟೋಪಿ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ದೂರ ಹೊಡೆಯುವ ಏಳನೇ ನಂಬರಿನ ಐರನ್ ಹಿಡಿದು, ಗಿಡ್ಡ ಬೀಸಿನಲ್ಲಿ ತಗ್ಗಾಗಿ ಹೊಡೆದೆ. ಚೆಂಡು ಎಡಬದಿಯ ಮರಳಿಗೆ ಬಿತ್ತು. ಅದರಿಂದ ಹೊರಬರಲು ಎರಡು ಹೊಡೆತ ಬೇಕಾಯಿತು. ಆ ಹೋಲ್‌ನ ಅಂಕ ಇಂದಿಗೂ ನನ್ನ ಕಾರ್ಡಿನಲ್ಲಿದೆ, ಕಾರ್ಡನ್ನು ಕಟ್ಟು ಹಾಕಿಸಿ ಇಟ್ಟಿದ್ದೇನೆ.

ಬ್ಯಾಂಡನ್ ಇತ್ತೀಚಿನದು. ಶಿಕಾಗೊದಲ್ಲಿ ಶುಭಾಶಯ ಪತ್ರಗಳ ವ್ಯಾಪಾರ ಮಾಡುತ್ತಿದ್ದ ಮೈಕ್ ಕೈಸರ್ ಕಡಲಂಚಿನ ಆ ಜಮೀನು ಕೊಂಡು, ಆಗಿನ್ನೂ ಹೆಸರು ಮಾಡಿರದ ಸ್ಕಾಟ್ಲೆಂಡಿನ ಯುವಕ ಡೇವಿಡ್ ಮೆಕ್ಲೇ ಕಿಡ್ ಕೈಗೆ ಕೊಟ್ಟರು. ಮೊದಲ ಮೈದಾನ 1999ರಲ್ಲಿ ತೆರೆಯಿತು. ಈಗ ಹದಿನೆಂಟು ಹೋಲ್‌ಗಳ ಐದು ಮೈದಾನಗಳಿವೆ: ಬ್ಯಾಂಡನ್ ಡ್ಯೂನ್ಸ್, ಪೆಸಿಫಿಕ್ ಡ್ಯೂನ್ಸ್, ಬ್ಯಾಂಡನ್ ಟ್ರೇಲ್ಸ್, ಓಲ್ಡ್ ಮೆಕ್‌ಡೊನಾಲ್ಡ್, ಶೀಪ್ ರಾಂಚ್. 2020ರಲ್ಲಿ ತೆರೆದ ಶೀಪ್ ರಾಂಚ್‌ನಲ್ಲಿ ಮರಳಿನ ಬಂಕರ್ ಒಂದೂ ಇಲ್ಲ, ಗಾಳಿಯೇ ಬಂಕರಿನ ಕೆಲಸ ಮಾಡುತ್ತದೆ.

ಅಲ್ಲಿನ ಹುಲ್ಲು ಫೆಸ್ಕ್ಯೂ. ನೆಲ ಗಟ್ಟಿ, ಚೆಂಡು ಉರುಳುತ್ತಲೇ ಹೋಗುತ್ತದೆ. ಎತ್ತರಕ್ಕೆ ಹೊಡೆದು ಗ್ರೀನಿನ ಮೇಲೆ ಇಳಿಸುವ ಅಭ್ಯಾಸದವರು ಮೊದಲ ದಿನ ಸೋಲುತ್ತಾರೆ. ಗ್ರೀನಿನಿಂದ ಮೂವತ್ತು ಗಜ ಹಿಂದೆ ನಾನು ವೆಜ್‌ಗೆ ಕೈ ಹಾಕಿದಾಗ ಕ್ಯಾಡಿ ತಲೆಯಾಡಿಸಿ, ಗ್ರೀನಿನ ಮೇಲೆ ಚೆಂಡು ಉರುಳಿಸಲು ಬಳಸುವ ಪಟರ್ ಕೊಟ್ಟ. ನಂಬಿಕೆ ಬರಲಿಲ್ಲ. ಅವನು ಗುರಿಗಿಂತ ಎಂಟು ಹೆಜ್ಜೆ ಬಲಕ್ಕೆ, ಒಂದು ಸಣ್ಣ ಉಬ್ಬಿನ ಕಡೆಗೆ ಬೆರಳು ತೋರಿದ. ಚೆಂಡು ಆ ಉಬ್ಬನ್ನು ಹತ್ತಿ, ಯೋಚಿಸುವಂತೆ ನಿಧಾನವಾಗಿ, ಎಡಕ್ಕೆ ತಿರುಗಿ ಇಳಿದು ಕುಳಿಯಿಂದ ಒಂದು ಮೊಳದಲ್ಲಿ ನಿಂತಿತು. ಮೂವತ್ತು ವರ್ಷ ಆಡಿದ ಆಟವನ್ನು ಆ ಮಧ್ಯಾಹ್ನ ಮತ್ತೆ ಮೊದಲಿನಿಂದ ಕಲಿತೆ. ಬ್ಯಾಂಡನ್ ಮೇಲೆ ನನಗೆ ಪಕ್ಷಪಾತವಿದ್ದರೆ ಅದಕ್ಕೆ ಈ ಒಂದು ಹೊಡೆತವೇ ಕಾರಣ.

ಅಲ್ಲಿ ಹಳದಿ ಹೂವಿನ ಗೋರ್ಸ್ ಎಂಬ ಮುಳ್ಳುಪೊದೆಯಿದೆ. ಐರ್ಲೆಂಡಿನಿಂದ ಬಂದವರು ತಂದು ನೆಟ್ಟದ್ದು, ಎಣ್ಣೆಯಂಶ ಹೆಚ್ಚಿರುವುದರಿಂದ ಧಗ್ಗನೆ ಉರಿಯುತ್ತದೆ. 1936ರ ಕಾಡ್ಗಿಚ್ಚಿನಲ್ಲಿ ಬ್ಯಾಂಡನ್ ಊರು ಸುಟ್ಟುಹೋಗಲು ಅದೂ ಒಂದು ಕಾರಣ. ಬಂಡೀಪುರದ ಲಂಟಾನಾ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆಂಡು ಅದರೊಳಗೆ ಹೋದರೆ ಕೈ ಹಾಕಬೇಡಿ, ಹೊಸ ಚೆಂಡು ತೆಗೆಯಿರಿ.

ದುಡ್ಡಿನ ಲೆಕ್ಕ

ಪೆಬಲ್ ಬೀಚ್‌ನ ಒಂದು ಸುತ್ತಿನ ಶುಲ್ಕ 600 ಡಾಲರ್ ದಾಟಿದೆ, ಅಂದರೆ ಐವತ್ತು ಸಾವಿರ ರೂಪಾಯಿಗೂ ಮೇಲೆ. ರೆಸಾರ್ಟಿನ ಕೋಣೆಗೆ ರಾತ್ರಿಗೆ ಸಾವಿರ ಡಾಲರ್ ಆಸುಪಾಸು ಇಟ್ಟುಕೊಳ್ಳಿ. ಕ್ಯಾಡಿಗೆ ಎರಡೂ ಕಡೆ ನೂರು ಡಾಲರ್ ಅಥವಾ ಅದಕ್ಕೂ ಹೆಚ್ಚು, ಭಕ್ಷೀಸು ಬೇರೆ. ಅಲ್ಲಿ ಭಕ್ಷೀಸು ಅವರ ಸಂಪಾದನೆಯ ಭಾಗ, ಅದನ್ನು ಬಜೆಟ್ಟಿನಲ್ಲೇ ಸೇರಿಸಿ. ಬ್ಯಾಂಡನ್‌ನಲ್ಲಿ ಮುಖ್ಯ ಋತುವಿನಲ್ಲೂ ಸುತ್ತಿನ ದರ ಪೆಬಲ್‌ಗಿಂತ ಸಾಕಷ್ಟು ಕಡಿಮೆ, ಅದೇ ದಿನ ಎರಡನೇ ಸುತ್ತು ಆಡಿದರೆ ರಿಯಾಯಿತಿಯೂ ಉಂಟು. ಪೆಬಲ್‌ನಲ್ಲಿ ಎರಡು ರಾತ್ರಿ ಉಳಿದು ಒಂದು ಸುತ್ತು ಆಡುವ ಹಣದಲ್ಲಿ ಬ್ಯಾಂಡನ್‌ನಲ್ಲಿ ಮೂರು ರಾತ್ರಿ ಉಳಿದು ನಾಲ್ಕು ಸುತ್ತು ಆಡಬಹುದು.

ಆದರೆ ಪ್ರಯಾಣ ಮರೆಯಬೇಡಿ. ಸ್ಯಾನ್ ಹೋಸೆಯಿಂದ ಬ್ಯಾಂಡನ್‌ಗೆ ರಸ್ತೆಯಲ್ಲಿ ಒಂದು ಇಡೀ ದಿನ. ಹತ್ತಿರದ ವಿಮಾನ ನಿಲ್ದಾಣ ನಾರ್ತ್ ಬೆಂಡ್ ಚಿಕ್ಕದು, ವಿಮಾನಗಳು ಕೆಲವೇ. ಪೋರ್ಟ್‌ಲ್ಯಾಂಡಿನಲ್ಲಿ ಇಳಿದರೆ ಅಲ್ಲಿಂದ ಕಾರಿನಲ್ಲಿ ಇನ್ನೂ ನಾಲ್ಕೂವರೆ ಗಂಟೆ.

ಪೆಬಲ್ ಕಡೆ ಒಲವಿದ್ದು ಕೈ ಬಿಗಿಯಿರುವವರಿಗೆ ಒಂದು ದಾರಿ: ಪಕ್ಕದಲ್ಲೇ ಪೆಸಿಫಿಕ್ ಗ್ರೋವ್ ಪುರಸಭೆಯ ಗಾಲ್ಫ್ ಮೈದಾನವಿದೆ. ಅದರ ಕೊನೆಯ ಒಂಬತ್ತು ಹೋಲ್‌ಗಳನ್ನು ರೂಪಿಸಿದ್ದು ಪೆಬಲ್ ಮಾಡಿದ ಅದೇ ಜ್ಯಾಕ್ ನೆವಿಲ್. 1855ರ ದೀಪಸ್ತಂಭದ ಸುತ್ತ, ಕಡಲ ಗಾಳಿಯಲ್ಲಿ, ಪೆಬಲ್‌ನ ದರದ ಸಣ್ಣ ಪಾಲಿಗೆ ಆಡಬಹುದು. ಎರಡನೇ ದಿನ ಅಲ್ಲಿ ಆಡಿ.

ತಿಂಗಳು ಮತ್ತು ದಸರಾ

ಪೆಬಲ್‌ನಲ್ಲಿ ಜೂನ್, ಜುಲೈ, ಆಗಸ್ಟ್ ಎಂದರೆ ಕಡಲ ಮಂಜು. ಅಷ್ಟು ದೂರ ಹೋಗಿ ಏಳನೇ ಹೋಲ್‌ನಲ್ಲಿ ನೀರೇ ಕಾಣದಿದ್ದರೆ ಹೊಟ್ಟೆ ಉರಿಯುತ್ತದೆ. ಆಕಾಶ ತಿಳಿಯಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಮ್ಮ ಮನೆಗಳಲ್ಲಿ ಬೊಂಬೆ ಕೂರಿಸುವುದೂ ಆಗಲೇ, ನೆಂಟರು ಬಂದಿಳಿಯುವುದೂ ಆಗಲೇ. ಪಂಚಾಂಗ ನೋಡಿ, ವಿಜಯದಶಮಿ ಕಳೆದ ಮೇಲಿನ ದಿನ ಹಿಡಿಯಿರಿ. ಬ್ಯಾಂಡನ್‌ಗಾದರೆ ಜೂನ್ ಒಳ್ಳೆಯದು: ಸಂಜೆ ಒಂಬತ್ತರ ಹೊತ್ತಿನವರೆಗೆ ಬೆಳಕಿರುತ್ತದೆ, ಎರಡು ಸುತ್ತು ಆರಾಮವಾಗಿ ಮುಗಿಯುತ್ತದೆ. ಮಧ್ಯಾಹ್ನ ಉತ್ತರದ ಗಾಳಿ ಜೋರು. ಚಳಿಗಾಲದಲ್ಲಿ ಗಾಳಿ ದಕ್ಷಿಣಕ್ಕೆ ತಿರುಗಿ ಮಳೆ ತರುತ್ತದೆ, ದರವೂ ಇಳಿಯುತ್ತದೆ.

ಬುಕಿಂಗ್

ಬ್ಯಾಂಡನ್‌ಗೆ ಒಂದು ವರ್ಷಕ್ಕೂ ಮುಂಚೆ ಕೇಳಬೇಕು. ಅವರ ಬೆಳಗಿನ ಒಂಬತ್ತು ಗಂಟೆ ಬೇಸಿಗೆಯಲ್ಲಿ ನಮ್ಮ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಫೋನ್ ಮಾಡಿ. ಪೆಬಲ್‌ನಲ್ಲಿ ರೆಸಾರ್ಟಿನಲ್ಲಿ ಉಳಿಯುವವರು ಮುಂಗಡವಾಗಿ ಸಮಯ ಕಾದಿರಿಸಬಹುದು. ಹೊರಗೆ ಉಳಿದವರಿಗೆ ಆಟದ ಹಿಂದಿನ ದಿನ ಏನಾದರೂ ಉಳಿದಿದ್ದರೆ ಮಾತ್ರ. ಒಬ್ಬರೇ ಇದ್ದರೆ ಹೀಗೆ ಸಿಗುವ ಸಾಧ್ಯತೆ ಇದೆ, ನಾಲ್ವರಿಗೆ ನಂಬಿ ಕೂರಬೇಡಿ. ಸ್ಟಿಕ್ಕುಗಳು ಎರಡೂ ಕಡೆ ಬಾಡಿಗೆಗೆ ದೊರೆಯುತ್ತವೆ, ಆದರೂ ಪಟರ್ ಮಾತ್ರ ನಿಮ್ಮದೇ ಇರಲಿ.

ಹೊರಡುವ ಮೊದಲು

ಆರಿಸಿದ್ದು ಯಾವುದೇ ಆಗಲಿ, ಆಷಾಢದ ಗಾಳಿ ವ್ಯರ್ಥವಾಗಬಾರದು. ಮೈಸೂರಿನಲ್ಲಿ ಜೂನ್ ಕೊನೆಯಿಂದ ಬೀಸುವ ಆ ಗಾಳಿಗೆ ಎದುರಾಗಿ ನಿಂತು, ಚೆಂಡನ್ನು ನಿಲುವಿನಲ್ಲಿ ಒಂದು ಅಂಗೈಯಷ್ಟು ಹಿಂದಕ್ಕಿಟ್ಟು, ಅರ್ಧ ಬೀಸಿನಲ್ಲಿ ತಗ್ಗಾಗಿ ಹೊಡೆಯುವುದನ್ನು ಕಲಿಯಿರಿ. ಜೋರಾಗಿ ಹೊಡೆದಷ್ಟೂ ಚೆಂಡು ಹೆಚ್ಚು ಸುತ್ತಿ ಮೇಲೇಳುತ್ತದೆ, ಮೇಲೆದ್ದದ್ದನ್ನು ಗಾಳಿ ಬಿಡುವುದಿಲ್ಲ.

ನೋಟ್ ಪುಸ್ತಕದ ಕಥೆ ಏನಾಯಿತೆಂದರೆ, ಅವರು ಮೆಟ್ಟಿಲು ಹತ್ತಿದರು. ಹತ್ತುವಾಗ ನನಗಿಂತ ಮುಂದಿದ್ದರು. ಇಳಿಯುವಾಗ ನಂದಿಯ ಹತ್ತಿರ ಕುಳಿತು ಎಡಮಂಡಿ ಹಿಡಿದುಕೊಂಡರು, ಅಲ್ಲಿಂದ ಮುಂದಕ್ಕೆ ನನ್ನ ಭುಜ ಬೇಕಾಯಿತು. ನಾನು ಬ್ಯಾಂಡನ್ ಅನ್ನೇ ಹೇಳಬೇಕೆಂದಿದ್ದವನು ಪೆಬಲ್ ಎಂದೆ. ಮನೆಯವರಿಗೆ ಮತ್ಸ್ಯಾಲಯ, ಮೊಮ್ಮಗನಿಗೆ ಕಡಲತೀರ, ಅವರಿಗೆ ಬಂಡಿ. ವಿಜಯದಶಮಿ ಕಳೆದ ಎರಡನೇ ವಾರಕ್ಕೆ ಟಿಕೆಟ್ ಆಗಿದೆ. ಈಗ ಅವರು ದಿನಾ ಬೆಳಿಗ್ಗೆ ಅಭ್ಯಾಸದ ಜಾಗದಲ್ಲಿ 106 ಗಜ ಅಳೆದು, ಅಲ್ಲೊಂದು ಟವೆಲ್ ಹಾಸಿ, ಗಾಳಿ ಏಳುವವರೆಗೆ ಕಾಯುತ್ತಾ ನಿಂತಿರುತ್ತಾರೆ.